ಹೂಂ ಅನ್ನದ, ಊಹೂಂ ಅನ್ನದ ವ್ಯಕ್ತಿಗಾಗಿ ಕಾಯುವುದನ್ನು ನಿಲ್ಲಿಸುವುದು ಹೇಗೆ?

"ಅಕ್ಕಾ, ಅವನು ಇಷ್ಟ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಓದೋಕೆ ಕೂತ್ರೆ ಅವನದೇ ಯೋಚನೆ. ಮರೆಯೋದು ಹೇಗೆ ಹೇಳಿ."

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಹುಡುಗಿಯರು ಮಾತ್ರ ಅಲ್ಲ, ಹುಡುಗರೂ ಕೇಳುತ್ತಾರೆ. ಮೂವತ್ತು ದಾಟಿ, ಕೆಲಸದಲ್ಲಿ ಚೆನ್ನಾಗಿರುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ. ನಾನು ತುಮಕೂರಿನವಳು. ಇಲ್ಲಿ ಒಬ್ಬರನ್ನು ನೋಡಬಾರದು ಅಂತ ತೀರ್ಮಾನ ಮಾಡಿದರೂ ಬಿ.ಎಚ್. ರಸ್ತೆಯಲ್ಲಿ ವಾರಕ್ಕೊಮ್ಮೆಯಾದರೂ ಎದುರು ಸಿಕ್ಕೇ ಸಿಗುತ್ತಾರೆ. 'ದೂರ ಇದ್ದುಬಿಡಿ' ಅಂತ ಒಂದೇ ಮಾತಲ್ಲಿ ಹೇಳುವ ಸಲಹೆ ನಮ್ಮಂಥ ಊರಿಗೆ ಸಾಲುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಪ್ರೀತಿಯನ್ನು ಮನಸ್ಸಿನಿಂದ ಕಿತ್ತು ಹಾಕಿ ಅಂತ ನಾನು ಹೇಳಲ್ಲ. ಯಾರ ಕೈಲೂ ಅದು ಆಗಲ್ಲ. ಕಾಯುವುದನ್ನು ನಿಲ್ಲಿಸಬಹುದು. ಕೆಳಗಿನ ಎಲ್ಲ ಹಂತಗಳೂ ಅದೊಂದಕ್ಕೇ.

ಇದು ಏನು, ಯಾಕೆ ಇಷ್ಟು ಗಟ್ಟಿ?

ಈ ಸ್ಥಿತಿಗೆ ಒಂದು ಹೆಸರಿದೆ, ಲಿಮರೆನ್ಸ್. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನ್ನೋವ್ 1970ರ ದಶಕದಲ್ಲಿ ನೂರಾರು ಜನರ ಅನುಭವ ಕೇಳಿ ಈ ಪದ ಕೊಟ್ಟರು. ಬೇಡ ಅಂದರೂ ಒಬ್ಬರದೇ ಯೋಚನೆ ಬರುವುದು, ಅವರ ಸಣ್ಣ ನಡೆಗೂ ದೊಡ್ಡ ಅರ್ಥ ಹುಡುಕುವುದು, ಅವರಿಗೂ ನನ್ನ ಮೇಲೆ ಹಾಗೇ ಅನಿಸಲಿ ಅಂತ ಹಂಬಲಿಸುವುದು. ಇದು ರೋಗದ ಹೆಸರಲ್ಲ, ಗಾಬರಿ ಬೇಡ. ಆದರೆ ಟೆನ್ನೋವ್ ಹೇಳಿದ ಒಂದು ಮಾತನ್ನು ನೆನಪಿಡಿ. ಆಸೆ ಮತ್ತು ಅನುಮಾನ ಎರಡೂ ಒಟ್ಟಿಗಿದ್ದಾಗಲೇ ಇದು ಹೆಚ್ಚು ಬೆಳೆಯುತ್ತದೆ.

ಇನ್ನೊಂದು ಪದ ಎಲ್ಲರ ಬಾಯಲ್ಲೂ ಇದೆ, ಎಮೋಷನಲಿ ಅನ್‌ಅವೈಲಬಲ್. ಅಂದರೆ ಜೊತೆಗೆ ನಗುತ್ತಾರೆ, ಹರಟುತ್ತಾರೆ, ಆದರೆ ಮನಸ್ಸಿನ ಬಾಗಿಲು ತೆಗೆಯುವುದಿಲ್ಲ. ನೀವು ಒಂದು ಹೆಜ್ಜೆ ಹತ್ತಿರ ಹೋದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ನೀವು ಸುಮ್ಮನಾದರೆ ಮತ್ತೆ ಬಂದು ಮಾತಾಡಿಸುತ್ತಾರೆ. ಇಂಥವರೆಲ್ಲ ಕೆಟ್ಟವರೇನಲ್ಲ. ಹಳೆ ಪ್ರೀತಿಯ ನೋವು ಆರಿರುವುದಿಲ್ಲ, ಮನೆಯಲ್ಲಿ ಬೇರೆ ಮಾತುಕತೆ ನಡೆಯುತ್ತಿರುತ್ತದೆ, ಅಥವಾ ನಿಮ್ಮ ಮೇಲೆ ಅಷ್ಟು ಮನಸ್ಸಿರುವುದಿಲ್ಲ, ಆದರೆ ಹೇಳುವುದಕ್ಕೆ ಆಗುತ್ತಿರುವುದಿಲ್ಲ. ಕಾರಣ ಏನೇ ಇರಲಿ, ನಿಮ್ಮ ಪಾಲಿಗೆ ಫಲ ಒಂದೇ.

'ಅಕ್ಕಾ, ಅವನು ನಾಚಿಕೆ ಸ್ವಭಾವದವನು ಅಷ್ಟೇ' ಅಂತ ಬಹಳ ಜನ ಹೇಳುತ್ತಾರೆ. ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ನಾಚಿಕೆ ಇರುವವರು ಕಡಿಮೆ ಮಾತಾಡಬಹುದು, ಆದರೆ ಇವತ್ತು ಇದ್ದ ಹಾಗೇ ನಾಳೆಯೂ ಇರುತ್ತಾರೆ, ಬರುತ್ತೇನೆ ಅಂದ ದಿನ ಬರುತ್ತಾರೆ. ಇವರು ಸೋಮವಾರ ಜೀವ ಅನ್ನುವ ಹಾಗೆ ಮಾತಾಡಿ, ಬುಧವಾರ ಪರಿಚಯವೇ ಇಲ್ಲದವರ ಹಾಗಿರುತ್ತಾರೆ.

ಹಿಡಿತ ಇಷ್ಟು ಗಟ್ಟಿ ಯಾಕೆ ಅಂದರೆ, ಹಳ್ಳಿ ಬಸ್ಸು ನೆನಪಿಸಿಕೊಳ್ಳಿ. ಸಂಜೆ ಬಸ್ಸು ನಿಂತೇ ಹೋಗಿದೆ ಅಂತ ಗೊತ್ತಾದರೆ ಯಾರೂ ಕಾಯುವುದಿಲ್ಲ, ಆಟೋ ಹಿಡಿಯುತ್ತಾರೆ, ಇಲ್ಲ ನಡೆದುಕೊಂಡು ಹೋಗುತ್ತಾರೆ. ಬಸ್ಸು ಕೆಲವು ದಿನ ಬರುತ್ತೆ, ಕೆಲವು ದಿನ ಬರಲ್ಲ ಅಂದರೆ? ಕತ್ತಲಾಗುವವರೆಗೂ ಕಲ್ಲಿನ ಮೇಲೆ ಕೂತು ರಸ್ತೆಯ ತಿರುವನ್ನೇ ನೋಡುತ್ತಿರುತ್ತಾರೆ. ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಇದನ್ನೇ ಕಂಡುಕೊಂಡರು. ಕೊಕ್ಕಿನಿಂದ ಕುಟ್ಟಿದಾಗ ಯಾವಾಗಲೋ ಒಮ್ಮೆ, ಹೇಳದೆ ಕೇಳದೆ ಕಾಳು ಬೀಳುತ್ತಿದ್ದ ಪಾರಿವಾಳ, ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಟ್ಟುತ್ತಲೇ ಇರುತ್ತಿತ್ತು. ಹಾಗಾಗಿ ನಿಮ್ಮನ್ನು ನೀವು ದುರ್ಬಲ ಅಂತ ಬೈದುಕೊಳ್ಳಬೇಡಿ. ಅಪರೂಪಕ್ಕೆ ಸಿಗುವುದರ ಹಿಡಿತವೇ ಅಂಥದ್ದು.

ಏನೇನು ಬೇಕು?

ಒಂದು ಗೆರೆ ಹಾಕಿದ ನೋಟ್‌ಬುಕ್ಕು ಬೇಕು. ಮೊಬೈಲಿನ ನೋಟ್ಸ್ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ವಿಷಯ ಗೊತ್ತಿರುವ, ನಿಮ್ಮನ್ನು ಗೇಲಿ ಮಾಡದ ಒಬ್ಬರು ಬೇಕು. ಅಕ್ಕನೋ ಗೆಳತಿಯೋ ಅತ್ತೆ ಮಗಳೋ ಯಾರಾದರೂ ಸರಿ, ಆದರೆ ನಿಮ್ಮಿಬ್ಬರಿಗೂ ಬೇಕಾದವರು ಬೇಡ. ಮತ್ತೆ ಮೂರು ತಿಂಗಳು ಬೇಕು. ಮೂರು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ ಅಂತಲ್ಲ. ಕಾಯುವ ಅಭ್ಯಾಸ ಸಡಿಲವಾಗಲು ಅಷ್ಟಾದರೂ ಹಿಡಿಯುತ್ತದೆ ಅಂತ ನನ್ನ ಅನುಭವ.

ಹಂತ 1: ನಡೆದದ್ದನ್ನು ಲೆಕ್ಕ ಬರೆಯಿರಿ

ನೋಟ್‌ಬುಕ್ಕಿನ ಪುಟದ ಮಧ್ಯೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಗಡೆ 'ನಡೆದದ್ದು'. ಬಲಗಡೆ 'ನಾನು ಅಂದುಕೊಂಡದ್ದು'. ಕಳೆದ ಒಂದು ತಿಂಗಳನ್ನು ಬರೆಯಿರಿ. ಎಡಗಡೆ ಬರೆಯುವಾಗ ಒಂದೇ ನಿಯಮ: ಅಂಗಡಿಯ ಸಿಸಿಟಿವಿಗೆ ಏನು ಕಾಣುತ್ತಿತ್ತೋ ಅಷ್ಟೇ.

ನನ್ನ ಹಳೆ ಪುಸ್ತಕದ ಒಂದು ಪುಟ ಹೀಗಿತ್ತು. ಎಡಗಡೆ: 'ರಾತ್ರಿ 11.40ಕ್ಕೆ ಊಟ ಆಯ್ತಾ ಅಂತ ಮೆಸೇಜ್. ನಾನು ಆರು ಮೆಸೇಜ್ ಕಳಿಸಿದೆ. ಹ್ಮ್ ಅಂತ ಒಂದು ಬಂತು. ಆಮೇಲೆ ಇಲ್ಲ.' ಬಲಗಡೆ: 'ಇಡೀ ದಿನದ ಕೆಲಸ ಮುಗಿದ ಮೇಲೆ ನನ್ನ ನೆನಪೇ ಬಂದಿದೆ. ಸುಸ್ತಾಗಿ ನಿದ್ದೆ ಮಾಡಿರಬೇಕು, ಪಾಪ.' ಬಲಗಡೆ ಪುಟ ತುಂಬಿ ಕೆಳಗೆ ಇಳಿದಿತ್ತು. ಎಡಗಡೆ ಮೂರು ಸಾಲು.

ಬರೆದಾದ ಮೇಲೆ ಇನ್ನೂ ಮೂರು ಎಣಿಸಿ. ಮಾತು ಶುರು ಮಾಡಿದ್ದು ಎಷ್ಟು ಸಲ ಅವರು, ಎಷ್ಟು ಸಲ ನೀವು? ಅವರಾಗಿ ಹೇಳಿ ನಡೆಸಿಕೊಟ್ಟ ಮಾತು ಎಷ್ಟು? ನಿಮಗೆ ಜ್ವರ ಬಂದಾಗ, ರಿಸಲ್ಟ್ ಬಂದಾಗ, ಮನೆಯಲ್ಲಿ ಕಷ್ಟ ಆದಾಗ ಅವರು ಎಲ್ಲಿದ್ದರು?

ಇಲ್ಲಿ ಜನ ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಒಂದು, ಎಡಗಡೆಯಲ್ಲೂ ಅರ್ಥ ಸೇರಿಸುವುದು. 'ಪ್ರೀತಿಯಿಂದ ನೋಡಿದ' ಅನ್ನುವುದು ಬಲಗಡೆಗೆ ಸೇರಿದ್ದು, 'ನೋಡಿದ' ಮಾತ್ರ ಎಡಗಡೆಗೆ. ಎರಡು, ಸಿಟ್ಟಿನಲ್ಲಿ ಅವರ ದೋಷಗಳ ಪಟ್ಟಿ ಮಾಡುವುದು. ಅದೂ ಅವರದೇ ಧ್ಯಾನ ಅಲ್ವಾ? ಅವರು ಒಳ್ಳೆಯವರೋ ಕೆಟ್ಟವರೋ ಅಂತ ತೀರ್ಪು ಕೊಡುವ ಅಗತ್ಯವೇ ಇಲ್ಲ. ನಿಮಗೆ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಅಂತ ಗೊತ್ತಾದರೆ ಸಾಕು.

ಹಂತ 2: ಕೇಳಿಲ್ಲವಾದರೆ ಒಂದು ಸಲ ಕೇಳಿ. ಒಂದೇ ಸಲ

ನೀವು ಇನ್ನೂ ಬಾಯಿ ಬಿಟ್ಟು ಕೇಳಿಯೇ ಇಲ್ಲವಾದರೆ, ಕೇಳಿ. ಕವಿತೆ ಬೇಡ, ಗೆಳೆಯರ ಕೈಲಿ ಹೇಳಿಸುವುದು ಬೇಡ, ರಾತ್ರಿ ಹೊತ್ತು ಬೇಡ. ಹಗಲಲ್ಲಿ, ನೇರವಾಗಿ: "ನನಗೆ ನಿಮ್ಮ ಮೇಲೆ ಮನಸ್ಸಿದೆ. ನಿಮಗೂ ಹಾಗೆ ಇದೆಯಾ? ಇಲ್ಲ ಅಂದರೂ ಬೇಜಾರಿಲ್ಲ, ಆದರೆ ಸ್ಪಷ್ಟವಾಗಿ ಹೇಳಿ." ಇಷ್ಟೇ.

ಈಗ ಉತ್ತರವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಅನ್ನುವುದು ಮುಖ್ಯ. ನಮ್ಮ ಕಡೆ ಹುಡುಗಿ ನೋಡಿ, ಉಪ್ಪಿಟ್ಟು ತಿಂದು, ಏಳುವಾಗ ಗಂಡಿನ ಕಡೆಯವರು "ಮನೇಲಿ ಮಾತಾಡಿ ಹೇಳಿ ಕಳಿಸ್ತೀವಿ" ಅಂತಾರಲ್ಲ, ಎರಡು ವಾರ ಕಳೆದರೂ ಫೋನ್ ಬರದಿದ್ದರೆ ಏನರ್ಥ ಅಂತ ನಮ್ಮ ಅಜ್ಜಿಯಂದಿರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರು ಮುಂದಿನ ಸಂಬಂಧ ನೋಡುತ್ತಾರೆ. ನಿಮ್ಮ ವಿಷಯದಲ್ಲೂ ಅಷ್ಟೇ. 'ನೋಡೋಣ', 'ಈಗ ಟೈಮ್ ಸರಿ ಇಲ್ಲ', 'ನೀನು ತುಂಬ ಒಳ್ಳೆಯವಳು, ನಾನೇ ಸರಿ ಇಲ್ಲ', 'ಹಾಗೆಲ್ಲ ಹೆಸರು ಇಡೋದು ಯಾಕೆ, ಚೆನ್ನಾಗೇ ಇದೀವಲ್ಲ', ಇವೆಲ್ಲ 'ಇಲ್ಲ' ಅನ್ನುವುದರ ಬೇರೆ ಬೇರೆ ರೂಪಗಳು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತ ಗಾದೆಯೇ ಇದೆ. ಮನಸ್ಸಿಲ್ಲದವರು ಒಂದು ಕಾರಣ ಹೇಳುತ್ತಾರೆ, ನೀವು ಆ ಕಾರಣವನ್ನು ಪರಿಹರಿಸಿಕೊಂಡು ಹೋದರೆ ಇನ್ನೊಂದು ಹೇಳುತ್ತಾರೆ.

ಕೆಲವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಕು. ಆ ವ್ಯಕ್ತಿಗೆ ಮದುವೆ ಆಗಿದ್ದರೆ, ಅವರು ನಿಮಗೆ ಪಾಠ ಹೇಳುವವರಾಗಿದ್ದರೆ, ಇಲ್ಲವೇ ಈಗಾಗಲೇ ಒಮ್ಮೆ ಬೇಡ ಅಂದಿದ್ದರೆ ಮತ್ತೆ ಕೇಳುವುದಕ್ಕೆ ಏನೂ ಉಳಿದಿಲ್ಲ.

ಹುಡುಗರಿಗೆ ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಅವಳು ಆಸಕ್ತಿ ಇಲ್ಲ ಅಂತ ತೋರಿಸಿದ ಮೇಲೂ ಹಿಂದೆ ಹೋಗುವುದು, ಮತ್ತೆ ಮತ್ತೆ ಮಾತಾಡಿಸಲು ನೋಡುವುದು, ಅವಳು ಇಂಟರ್‌ನೆಟ್‌ನಲ್ಲಿ ಏನು ಮಾಡುತ್ತಾಳೆ ಅಂತ ಕಣ್ಣಿಟ್ಟು ನೋಡುತ್ತಿರುವುದು ಪ್ರೀತಿ ಅನ್ನಿಸಿಕೊಳ್ಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅದು ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು. ಕಾನೂನಿನ ಮಾತು ಹಾಗಿರಲಿ, ಅವಳು ಪ್ರತಿದಿನ ಭಯದಿಂದ ರಸ್ತೆ ಬದಲಿಸಿ ಓಡಾಡುವ ಹಾಗಾದರೆ, ನಿಮಗೆ ಅವಳ ಮೇಲಿದ್ದ ಒಳ್ಳೆಯ ಭಾವನೆಗೆ ಏನು ಬೆಲೆ ಬಂತು?

ಹಂತ 3: ಮೊಬೈಲಿನಲ್ಲಿ ಕಾಯುವ ಜಾಗಗಳನ್ನು ಮುಚ್ಚಿ

ನಿಜವಾದ ಕೆಲಸ ಇರುವುದು ಇಲ್ಲೇ. ಮೊದಲೆಲ್ಲ ಕಾಯಬೇಕು ಅಂದರೆ ಬಸ್‌ಸ್ಟ್ಯಾಂಡಿಗೆ ಹೋಗಬೇಕಿತ್ತು, ಅವರ ಬೀದಿಯಲ್ಲಿ ಸೈಕಲ್ ಹೊಡೆಯಬೇಕಿತ್ತು. ಈಗ ಹಾಸಿಗೆಯಲ್ಲಿ ಮಲಗಿಕೊಂಡೇ ಕಾಯಬಹುದು.

ಒಂದು ಭಾನುವಾರ ಸಂಜೆ ನಾನು ಅಮಾನಿಕೆರೆ ದಂಡೆಯಲ್ಲಿ ಕೂತಿದ್ದೆ. ಮೊಬೈಲನ್ನು ತೊಡೆ ಮೇಲೆ ಬೋರಲು ಇಟ್ಟಿದ್ದೆ. ಕೈ ತಾನಾಗಿ ಅದನ್ನು ತಿರುಗಿಸುತ್ತಿತ್ತು, ಹೆಬ್ಬೆರಳು ತಾನಾಗಿ ಆ ಹೆಸರಿನ ಮೇಲೆ ಹೋಗುತ್ತಿತ್ತು, ಹೆಸರಿನ ಕೆಳಗೆ 'ಆನ್‌ಲೈನ್' ಅಂತ ಬಂದರೆ ಎದೆ ಧಸಕ್ ಅನ್ನುತ್ತಿತ್ತು, ಬರದಿದ್ದರೂ ಧಸಕ್ ಅನ್ನುತ್ತಿತ್ತು. ಕೆರೆ ಕಡೆ ಒಮ್ಮೆಯೂ ನೋಡದೆ ಮನೆಗೆ ಎದ್ದು ಬಂದಿದ್ದೆ. ಈ ಕೆಲಸವನ್ನು ಮನಸ್ಸಿನ ಬಲದಿಂದ ತಡೆಯಲು ಹೋಗಬೇಡಿ. ಸೆಟ್ಟಿಂಗ್ಸ್ ಬದಲಿಸಿ.

ವಾಟ್ಸ್ಆ್ಯಪ್‌ನಿಂದ ಶುರು ಮಾಡಿ. ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ 'ಲಾಸ್ಟ್ ಸೀನ್' ಆಯ್ಕೆಗೆ ಹೋಗಿ, 'ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್' ಒತ್ತಿ, ಆ ಒಬ್ಬರ ಹೆಸರು ಹಾಕಿ. ನಿಮ್ಮ ಲಾಸ್ಟ್ ಸೀನ್ ಅವರಿಗೆ ಕಾಣದ ಹಾಗೆ ಮಾಡಿದರೆ ಅವರದೂ ನಿಮಗೆ ಕಾಣುವುದಿಲ್ಲ. ನಮಗೆ ಬೇಕಾದ್ದು ಈ ಎರಡನೆಯದು. ಅಲ್ಲೇ ಕೆಳಗೆ 'ಆನ್‌ಲೈನ್' ಅನ್ನುವುದನ್ನೂ 'ಸೇಮ್ ಆ್ಯಸ್ ಲಾಸ್ಟ್ ಸೀನ್' ಅಂತ ಇಡಿ. ಆಮೇಲೆ ಅವರ ಚಾಟನ್ನು ಆರ್ಕೈವ್ ಮಾಡಿ, ಅಂದರೆ ಮುಖ್ಯ ಪಟ್ಟಿಯಿಂದ ಕಾಣದ ಜಾಗಕ್ಕೆ ಸರಿಸಿ. ಸ್ಟೇಟಸ್ ಮ್ಯೂಟ್ ಮಾಡಿ. ಹಳೆ ಚಾಟ್ ಓದುವ ಚಟ ಇರುವವರು ಅದನ್ನು ಅಳಿಸುವುದೇ ಒಳ್ಳೆಯದು. ಅಳಿಸಲು ಕೈ ಬರದಿದ್ದರೆ, ನಂಬಿಕೆಯ ಆ ಒಬ್ಬರಿಗೆ ನಿಮ್ಮ ಮೊಬೈಲ್ ಕೊಟ್ಟು ಅವರ ಕೈಲಿ ಅಳಿಸಿ.

ಇನ್‌ಸ್ಟಾಗ್ರಾಂನಲ್ಲಿ ಅನ್‌ಫಾಲೋ ಮಾಡಿ. 'ಅವರಿಗೆ ಬೇಜಾರಾಗುತ್ತೆ' ಅಂತ ಅನಿಸಿದರೆ ಸದ್ಯಕ್ಕೆ ಮ್ಯೂಟ್ ಆದರೂ ಮಾಡಿ, ಅದು ಅವರಿಗೆ ಗೊತ್ತಾಗುವುದಿಲ್ಲ. ಆದರೆ ಇನ್‌ಸ್ಟಾದಲ್ಲಿ ದೊಡ್ಡ ಬಲೆ ಇರುವುದು ನಿಮ್ಮದೇ ಸ್ಟೋರಿಯಲ್ಲಿ. ಸ್ಟೋರಿ 24 ಗಂಟೆ ಇರುತ್ತದೆ, ಯಾರು ನೋಡಿದರು ಅಂತ ಪಟ್ಟಿ ಕೊಡುತ್ತದೆ. ನೀವು ಊರಿಗೆಲ್ಲ ಹಾಕಿದ ಫೋಟೋ ನಿಜವಾಗಿ ಒಬ್ಬರಿಗೆ ಹಾಕಿದ್ದು, ಆಮೇಲೆ ಇಡೀ ದಿನ ಆ ಪಟ್ಟಿ ತೆಗೆದು ನೋಡುವುದು. ಅದೂ ಕಾಯುವುದೇ. ಮೂರು ತಿಂಗಳು ಸ್ಟೋರಿ ಹಾಕಬೇಡಿ.

ಪೇಮೆಂಟ್ ಆ್ಯಪ್ ಮರೆಯಬೇಡಿ. ಎಲ್ಲ ಕಡೆ ಬ್ಲಾಕ್ ಮಾಡಿ, ಕೊನೆಗೆ ಫೋನ್‌ಪೇಯಲ್ಲಿ 1 ರೂಪಾಯಿ ಕಳಿಸಿ ಅದರ ಜೊತೆ 'ಹೇಗಿದ್ದೀಯಾ' ಅಂತ ಬರೆದವರನ್ನು ನಾನು ಬಲ್ಲೆ. ಅಲ್ಲೂ ಬ್ಲಾಕ್ ಇದೆ, ಬಳಸಿ.

ಬ್ಲಾಕ್ ಮಾಡಲೇಬೇಕಾ? ಮ್ಯೂಟ್ ಮಾಡಿದ ಮೇಲೂ ದಿನಕ್ಕೆ ಹತ್ತು ಸಲ ಹುಡುಕಿ ಹೋಗುತ್ತಿದ್ದರೆ ಮಾಡಿ. ಮಾಡುವಾಗ ಹೇಳಿ ಮಾಡಬೇಡಿ. 'ನಿನ್ನನ್ನು ಬ್ಲಾಕ್ ಮಾಡ್ತಿದೀನಿ, ಇನ್ಮೇಲೆ ಸಿಗಲ್ಲ' ಅನ್ನುವ ಉದ್ದ ಮೆಸೇಜು ನಿಜವಾಗಿ 'ತಡೀ' ಅನ್ನಿಸಿಕೊಳ್ಳಲು ಕಳಿಸುವುದು. ಮಾಡಿದ ಮೇಲೆ ತೆಗೆಯುವುದು, ಮತ್ತೆ ಹಾಕುವುದು ಮಾಡಿದರೆ, ಆಗಾಗ ಬರುವ ಬಸ್ಸನ್ನು ನೀವೇ ಓಡಿಸಿದಂತೆ.

ಆಮೇಲೆ, ಸುದ್ದಿ ತರುವವರು. ಇಬ್ಬರಿಗೂ ಸ್ನೇಹಿತರಾಗಿರುವವರಿಗೆ ಒಂದೇ ಮಾತು ಹೇಳಿ: "ಅವರ ವಿಷಯ ನನಗೆ ಹೇಳಬೇಡ. ನಾನು ಕೇಳಿದರೂ ಹೇಳಬೇಡ."

ಹಂತ 4: ದಿನಾ ಎದುರಿಗೆ ಬರುವವರಾದರೆ

ಹೆಚ್ಚಿನವರ ಕಷ್ಟ ಇದೇ. ಒಂದೇ ಆಫೀಸು, ಒಂದೇ ಕಾಲೇಜು, ಒಂದೇ ರೈಲು. ಬೆಳಿಗ್ಗೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಪಾಸ್ ಮಾಡಿಸಿಕೊಂಡು ಓಡಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದೇ ಬೋಗಿ, ಅದೇ ಗುಂಪು, ಕರ್ಚೀಫ್ ಹಾಕಿ ಹಿಡಿದ ಸೀಟು. ಹೋಗಿ ಬಂದು ಸುಮಾರು 140 ಕಿಲೋಮೀಟರ್ ದೂರ ಅವರ ಎದುರಿಗೇ ಕೂತು ಮರೆಯುತ್ತೇನೆ ಅಂದರೆ ಆಗುವ ಮಾತಲ್ಲ.

ಕೆಲಸ ಬಿಡಬೇಡಿ, ಕಾಲೇಜು ಬಿಡಬೇಡಿ. ಬೋಗಿ ಬದಲಿಸಿ. ಪ್ಲಾಟ್‌ಫಾರಂನ ಇನ್ನೊಂದು ತುದಿಯಲ್ಲಿ ನಿಲ್ಲಿ, ಗುಂಪಿನವರು ಕೇಳಿದರೆ "ಆ ಕಡೆ ಸೀಟು ಸಿಗುತ್ತೆ" ಅನ್ನಿ. ಹೆಣ್ಣುಮಕ್ಕಳಿಗೆ ಮಹಿಳಾ ಬೋಗಿ ಇದೆ. ಸಾಧ್ಯವಿದ್ದರೆ ಕೆಲವು ವಾರ ಬಸ್ಸಿನಲ್ಲಿ ಹೋಗಿ. ಸಂಜೆ ಅವರು ವಾಕ್ ಬರುವ ಹೊತ್ತಿಗೇ ನಿಮಗೂ ವಾಕ್ ನೆನಪಾಗುತ್ತಿದ್ದರೆ, ಬೆಳಿಗ್ಗೆ ಹೋಗಿ.

ಆಫೀಸಿನಲ್ಲಿ ಮುಖ ತಿರುಗಿಸಿಕೊಂಡು ಓಡಾಡುವುದು ಬೇಡ. ಮುನಿಸೂ ಒಂದು ಕರೆಯೇ, 'ಯಾಕೆ ಅಂತ ಕೇಳು' ಅಂದ ಹಾಗೆ. ನಮಸ್ಕಾರ, ಕೆಲಸದ ಮಾತು, ಅಷ್ಟಕ್ಕೆ ನಿಲ್ಲಿಸಿ. ಸ್ವಂತ ವಿಷಯ ತೆಗೆದರೆ "ಚೆನ್ನಾಗಿದೀನಿ. ಆ ಫೈಲ್ ಸಂಜೆಯೊಳಗೆ ಕಳಿಸ್ತೀನಿ" ಅನ್ನಿ. ಬೇರೆಯವರ ಜೊತೆ ಹೇಗಿರುತ್ತೀರೋ ಹಾಗೇ ಇರಿ. ಮೊದಲ ಎರಡು ವಾರ ಗಂಟಲು ಕಟ್ಟುತ್ತದೆ. ನಿಜವಾಗಿ ಕಟ್ಟುತ್ತದೆ. ಹೊರಗೆ ಹೋಗಿ ನೀರು ಕುಡಿದು ಬನ್ನಿ.

ಮದುವೆ, ಗೃಹಪ್ರವೇಶಗಳಲ್ಲಿ ಸಿಗುವವರಾದರೆ ಊಟದ ಹೊತ್ತಿಗೆ ಹೋಗಿ, ಮುಯ್ಯಿ ಮಾಡಿ, ಮನೆಯವರ ಪಕ್ಕದಲ್ಲೇ ಕೂತು ಊಟ ಮುಗಿಸಿ ಬನ್ನಿ.

ಹಂತ 5: ಅಲೆ ಬಂದಾಗ ಏನು ಮಾಡಬೇಕು

ಯೋಚನೆ ಬರುತ್ತದೆ. 'ಯೋಚಿಸಬಾರದು, ಯೋಚಿಸಬಾರದು' ಅಂತ ಒತ್ತಿ ಹಿಡಿದರೆ ಜಾಸ್ತಿ ಬರುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಕೆಲವರನ್ನು ಕೂರಿಸಿ, ಬಿಳಿ ಕರಡಿಯನ್ನು ನೆನೆಸಿಕೊಳ್ಳಬೇಡಿ ಅಂದರು. ನೆನಪು ಬಂದಾಗಲೆಲ್ಲ ಗಂಟೆ ಬಾರಿಸಬೇಕಿತ್ತು. ಗಂಟೆ ಬಾರಿಸುತ್ತಲೇ ಇದ್ದರು. ಅದಕ್ಕೇ ತಡೆಯಬೇಡಿ, ಹೊತ್ತು ಗೊತ್ತು ಮಾಡಿ.

ದಿನಕ್ಕೆ ಹದಿನೈದು ನಿಮಿಷ ಇಡಿ, ಸಂಜೆ ಆರೂವರೆಗೆ ಅಂದುಕೊಳ್ಳಿ. ಆ ಹೊತ್ತಲ್ಲಿ ಬೇಕಾದಷ್ಟು ಯೋಚಿಸಿ, ಅಳಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಉಳಿದ ಹೊತ್ತು ಬಂದರೆ 'ಆರೂವರೆಗೆ ನೋಡೋಣ' ಅಂತ ಮುಂದಕ್ಕೆ ಹಾಕಿ. ಮೊದಲ ವಾರ ಕೆಲಸ ಮಾಡಿದ ಹಾಗೆ ಅನಿಸುವುದಿಲ್ಲ, ಬಿಡಬೇಡಿ.

ಮೆಸೇಜ್ ಮಾಡಲೇಬೇಕು ಅನ್ನಿಸಿದಾಗ ಇಪ್ಪತ್ತು ನಿಮಿಷ ತಡೆಯಿರಿ. ಇಪ್ಪತ್ತೇ ನಿಮಿಷ. ಆ ಹೊತ್ತಲ್ಲಿ ಕೈಗೆ ಕೆಲಸ ಕೊಡಿ, ಅವರೆಕಾಯಿ ಬಿಡಿಸಿ, ಬಟ್ಟೆ ಒಗೆಯಿರಿ, ಗಾಡಿ ಒರೆಸಿ. ಹೇಳಬೇಕಾದ್ದನ್ನು ಕಾಗದದಲ್ಲಿ ಬರೆಯಿರಿ. ಮೊಬೈಲಿನಲ್ಲಿ ಬರೆದರೆ 'ಸೆಂಡ್' ಬಟನ್ ಒಂದು ಬೆರಳಿನ ದೂರದಲ್ಲಿ ಇರುತ್ತದೆ, ಅದಕ್ಕೇ ನೋಟ್‌ಬುಕ್ಕು ಅಂದದ್ದು. ರಾತ್ರಿ ಮೊಬೈಲನ್ನು ಹಜಾರದಲ್ಲಿ ಚಾರ್ಜಿಗೆ ಹಾಕಿ, ಅಲಾರಂಗೆ ಒಂದು ಗಡಿಯಾರ ತನ್ನಿ. ರಾತ್ರಿ ಹನ್ನೊಂದರ ಮೇಲೆ ತೆಗೆದುಕೊಂಡ ಯಾವ ತೀರ್ಮಾನವೂ ಬೆಳಿಗ್ಗೆವರೆಗೆ ಜಾರಿಗೆ ಬರಬಾರದು.

ಎಡವುತ್ತೀರಿ. ಒಂದು ದಿನ ಪ್ರೊಫೈಲ್ ತೆಗೆದು ನೋಡಿಬಿಡುತ್ತೀರಿ. 'ಎಲ್ಲ ಹಾಳಾಯ್ತು' ಅಂತ ಮತ್ತೆ ಹಳೇ ದಾರಿಗೆ ಹೋಗಬೇಡಿ. ದಿನಾಂಕ ಬರೆದು, ಏನಾಗಿದ್ದಾಗ ನೋಡಿದಿರಿ ಅಂತ ಒಂದು ಸಾಲು ಬರೆಯಿರಿ. ಹಸಿವಾಗಿತ್ತಾ, ಮನೆಯಲ್ಲಿ ಜಗಳ ಆಗಿತ್ತಾ, ಒಬ್ಬರೇ ಇದ್ದಿರಾ? ನಾಲ್ಕು ಸಲ ಬರೆದ ಮೇಲೆ ಒಂದೇ ಕಾರಣ ಮತ್ತೆ ಮತ್ತೆ ಕಾಣುತ್ತದೆ.

ಹಂತ 6: ಅವರಲ್ಲಿ ನೀವು ಹುಡುಕುತ್ತಿದ್ದದ್ದು ಏನು?

ಇದನ್ನು ಒಂದು ತಿಂಗಳಾದ ಮೇಲೆ ಮಾಡಿ, ಮೊದಲೇ ಬೇಡ. ಅವರ ಜೊತೆ ಇದ್ದಾಗ ನಾನು ಯಾರಾಗಿದ್ದೆ ಅಂತ ಬರೆಯಿರಿ. ನಿಮ್ಮ ಮಾತಿಗೆ ನಕ್ಕವರು ಅವರೊಬ್ಬರೇ ಆಗಿದ್ದಿರಬಹುದು. ಮನೆಯಲ್ಲಿ ಯಾವತ್ತೂ 'ಚೆನ್ನಾಗಿ ಮಾಡಿದೆ' ಅನ್ನಿಸಿಕೊಳ್ಳದವರಿಗೆ ಅವರ ಒಂದು ಹೊಗಳಿಕೆ ಅಮೃತದ ಹಾಗೆ ಕಂಡಿರಬಹುದು. ಅವರು ಬೆಂಗಳೂರಲ್ಲಿ ಕೆಲಸ ಮಾಡುತ್ತಾರೆ, ಧೈರ್ಯವಾಗಿ ಇಂಗ್ಲಿಷ್ ಮಾತಾಡುತ್ತಾರೆ, ಒಬ್ಬರೇ ಗಾಡಿ ಹಾಕಿಕೊಂಡು ದೇವರಾಯನದುರ್ಗ ಹತ್ತುತ್ತಾರೆ, ನಿಮಗೆ ಬೇಕಿದ್ದದ್ದು ಆ ಬದುಕೇ ಆಗಿರಬಹುದು. ಹಾಗಾದರೆ ಅದನ್ನು ನೇರವಾಗಿ ತಂದುಕೊಳ್ಳುವ ದಾರಿ ಹುಡುಕಿ. ಗಾಡಿ ಕಲಿಯಿರಿ. ಗೆಳತಿಯ ಜೊತೆ ಒಂದು ಭಾನುವಾರ ನಾಮದ ಚಿಲುಮೆಗೆ ಹೋಗಿ ಬನ್ನಿ. ಈ ಗುಂಗಿನಲ್ಲಿ ಫೋನ್ ಎತ್ತದೆ ದೂರ ಮಾಡಿಕೊಂಡ ಗೆಳೆಯರಿದ್ದರೆ, "ತಪ್ಪಾಯ್ತು, ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋಗೋಣ ಬಾ" ಅಂತ ಕರೆಯಿರಿ. ಜನ ನಾವು ಅಂದುಕೊಂಡದ್ದಕ್ಕಿಂತ ಬೇಗ ಕ್ಷಮಿಸುತ್ತಾರೆ.

ಇಲ್ಲಿ ಎರಡು ಹಳ್ಳಗಳಿವೆ. ಒಂದು, ಸೇಡಿಗಾಗಿ ಅಥವಾ ಸೋತು, ಮನೆಯವರು ತಂದ ಸಂಬಂಧಕ್ಕೆ ತಕ್ಷಣ ಹೂಂ ಅನ್ನುವುದು. ಬರುವ ಹುಡುಗನೋ ಹುಡುಗಿಯೋ ಏನು ತಪ್ಪು ಮಾಡಿದ್ದಾರೆ? "ಆರು ತಿಂಗಳು ಬಿಟ್ಟು ನೋಡೋಣ ಅಮ್ಮ" ಅಂತ ಕೇಳಿಕೊಳ್ಳಿ. ಎರಡು, ವಶೀಕರಣ. ಕಂಬಗಳ ಮೇಲೆ, ಮೊಬೈಲಿನಲ್ಲಿ ಜಾಹೀರಾತು ಇರುತ್ತದೆ, 'ಪ್ರೀತಿಯಲ್ಲಿ ಸೋತಿದ್ದೀರಾ, ಕರೆ ಮಾಡಿ'. ಮೊದಲು ಸ್ವಲ್ಪ ದುಡ್ಡು, ಆಮೇಲೆ ಪೂಜೆಗೆ, ಆಮೇಲೆ ದೋಷ ಪರಿಹಾರಕ್ಕೆ. ದುಡ್ಡಿನ ಜೊತೆ ನಿಮ್ಮ ಫೋಟೋ, ಗುಟ್ಟು ಎಲ್ಲ ಅವರ ಕೈಗೆ ಹೋಗುತ್ತದೆ, ಅದನ್ನಿಟ್ಟುಕೊಂಡು ಹೆದರಿಸುವವರೂ ಇದ್ದಾರೆ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ.

ಹಂತ 7: ಅವರು ಮತ್ತೆ ಬಂದಾಗ

ಬಹಳ ಸಲ ಬರುತ್ತಾರೆ. ನೀವು ಸುಮ್ಮನಾಗಿ ಒಂದೆರಡು ತಿಂಗಳಾದ ಮೇಲೆ, ಯುಗಾದಿಗೆ ಶುಭಾಶಯ ಬರುತ್ತದೆ, ಅಥವಾ ಮಳೆ ಬಂದ ರಾತ್ರಿ 'ಏನ್ ಸಮಾಚಾರ, ಕಾಣ್ಲೇ ಇಲ್ಲ?' ಅಂತ ಬರುತ್ತದೆ. ಆಗ ಎದೆ ಹಾರುತ್ತದೆ. ಅದಕ್ಕೆ ಇವತ್ತೇ ಉತ್ತರ ಬರೆದಿಟ್ಟುಕೊಳ್ಳಿ: "ಚೆನ್ನಾಗಿದೀನಿ. ನಿಮಗೂ ಹಬ್ಬದ ಶುಭಾಶಯ." ಪ್ರಶ್ನೆ ಇರಬಾರದು. ಪ್ರಶ್ನೆ ಕಳಿಸಿದರೆ ಅದರ ಉತ್ತರಕ್ಕೆ ಕಾಯಬೇಕಾಗುತ್ತದೆ.

'ನಿಜವಾಗಿ ಬದಲಾಗಿ ಬಂದಿದ್ದರೆ?' ಅಂತ ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಬದಲಾದವರು ಹಗಲಲ್ಲಿ ಬರುತ್ತಾರೆ. ಹಿಂದೆ ನಡೆದದ್ದರ ಬಗ್ಗೆ ಅವರಾಗಿಯೇ ಮಾತಾಡುತ್ತಾರೆ, ತಮಗೆ ಏನು ಬೇಕು ಅಂತ ಬಾಯಿ ಬಿಟ್ಟು ಹೇಳುತ್ತಾರೆ, ಹೇಳಿದ್ದನ್ನು ಮುಂದಿನ ವಾರವೂ ಅದರ ಮುಂದಿನ ವಾರವೂ ನಡೆಸುತ್ತಾರೆ. ನೋಟ್‌ಬುಕ್ ತೆಗೆಯಿರಿ. ಎಡಗಡೆ ಏನಾದರೂ ಬರೆಯಲು ಸಿಗುತ್ತದಾ ನೋಡಿ. ಬಲಗಡೆ ಮಾತ್ರ ತುಂಬುತ್ತಿದ್ದರೆ ಉತ್ತರ ಸಿಕ್ಕಿತು.

ವೈದ್ಯರ ಸಹಾಯ ಯಾವಾಗ ಬೇಕು?

ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಪರೀಕ್ಷೆಗೆ ಹೋಗಲು ಆಗುತ್ತಿಲ್ಲ ಅಂದರೆ ಒಬ್ಬರೇ ಎಳೆಯಬೇಡಿ. ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಒಂದೇ ಸಲ ಬಂದಿದ್ದರೂ ಇವತ್ತೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. 'ಲವ್ ವಿಷಯಕ್ಕೆಲ್ಲ ಡಾಕ್ಟರ್ ಹತ್ರ ಹೋಗ್ತಾರಾ' ಅಂತ ಸಂಕೋಚ ಬೇಡ, ನಿದ್ದೆ ಬರುತ್ತಿಲ್ಲ ಅಂತಲೇ ಮಾತು ಶುರು ಮಾಡಿ.

ಎಷ್ಟು ದಿನ ಹಿಡಿಯುತ್ತದೆ?

ಕೊನೆಗೆ ಎಲ್ಲರೂ ಕೇಳುವುದು ಇದನ್ನೇ. ತಾವು ಮಾತಾಡಿಸಿದವರಲ್ಲಿ ಈ ಸ್ಥಿತಿ ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಮೂರು ವರ್ಷದವರೆಗೆ ಇರುತ್ತಿತ್ತು ಅಂತ ಟೆನ್ನೋವ್ ಬರೆದಿದ್ದಾರೆ. ಆಸೆಗೆ ಮೇವು ನಿಂತರೆ ಅದು ಸೊರಗುತ್ತದೆ ಅಂತಲೂ ಹೇಳಿದ್ದಾರೆ. ನನಗೆ ಕಾಯುವುದು ನಿಂತ ಮೇಲೆ ಏಳು ತಿಂಗಳು ಹಿಡಿಯಿತು. ನಿಮಗೆ ಬೇರೆ ಇರಬಹುದು.

ಕಡಿಮೆಯಾಗುತ್ತಿದೆ ಅಂತ ಗೊತ್ತಾಗುವುದು ಸಣ್ಣ ಸಣ್ಣ ವಿಷಯಗಳಲ್ಲಿ. ಸಂಜೆ ಆರೂವರೆ ದಾಟಿರುತ್ತದೆ, ಹದಿನೈದು ನಿಮಿಷ ಕೂರುವುದನ್ನು ಮರೆತಿರುತ್ತೀರಿ. ಸ್ಟೇಷನ್ನಿನಲ್ಲಿ ಅವರ ಬಣ್ಣದ್ದೇ ಬ್ಯಾಗ್ ಹಾಕಿಕೊಂಡ ಯಾರೋ ಹೋಗುತ್ತಾರೆ, ನೀವು ರೈಲು ಎಷ್ಟು ಲೇಟು ಅಂತ ಬೋರ್ಡ್ ನೋಡುತ್ತಿರುತ್ತೀರಿ. ನನ್ನ ನೋಟ್‌ಬುಕ್ಕಿನಲ್ಲಿ ಹಿಂದಿನ ಮೂವತ್ತು ಚಿಲ್ಲರೆ ಹಾಳೆ ಖಾಲಿ ಉಳಿದವು. ಅಮ್ಮ ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.